ಅರ್ಧದಲ್ಲೇ ನಿಲ್ಲುವ ಬಟ್ಟೆ ಡ್ರೈಯರ್: ನಿಂತ ಹೊತ್ತು ನೋಡಿ ಕಾರಣ ಹುಡುಕುವ ಬಗೆ

ಮುಂಗಾರು ಹಿಡಿದುಕೊಂಡ ಮೇಲೆ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ, ಹೊಗೆಯ ವಾಸನೆ ಹತ್ತಿದರೂ ಸರಿ ಎಂದು ಮಕ್ಕಳ ಸಮವಸ್ತ್ರ ಒಣಗಿಸುತ್ತಿದ್ದ ಮನೆಗಳಿಗೆ ಈಗ ವಿದ್ಯುತ್ ಡ್ರೈಯರ್ ಬಂದಿದೆ. ಅದು ಶುರುವಾದ ಇಪ್ಪತ್ತೋ ಮೂವತ್ತೋ ನಿಮಿಷಕ್ಕೆ ತನ್ನಷ್ಟಕ್ಕೆ ತಾನೇ ನಿಂತುಬಿಟ್ಟರೆ ನಾವೆಲ್ಲ ಮೊದಲು ಮಾಡುವುದು ಮತ್ತೆ ಸ್ಟಾರ್ಟ್ ಗುಂಡಿ ಒತ್ತುವುದು. ಆಗಲೂ ನಡೆಯದಿದ್ದರೆ ಇನ್ನೊಮ್ಮೆ ಒತ್ತುವುದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಗುಂಡಿ ಒತ್ತುವ ಮೊದಲು ಗಡಿಯಾರ ನೋಡಿ. ಯಂತ್ರ ಎಷ್ಟನೆಯ ನಿಮಿಷಕ್ಕೆ ನಿಂತಿತು, ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ನಡೆಯಿತು ಎಂಬ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ನೀವು ಕಾರಣದ ಹತ್ತಿರ ಬಂದಿರುತ್ತೀರಿ.

ಇಲ್ಲಿ ಹೆಚ್ಚಾಗಿ ಹೇಳಿರುವುದು ಬಿಸಿಗಾಳಿಯನ್ನು ಕೊಳವೆಯ ಮೂಲಕ ಹೊರಗೆ ದೂಡುವ ಡ್ರೈಯರಿನ ಬಗ್ಗೆ. ನೀರನ್ನು ತೊಟ್ಟಿಯಲ್ಲಿ ಹಿಡಿದಿಡುವ ಕಂಡೆನ್ಸರ್ ಮತ್ತು ಹೀಟ್ ಪಂಪ್ ಮಾದರಿಗಳ ವಿಚಾರ ಬೇರೆಯಾಗುವ ಕಡೆ ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ.

ಯಂತ್ರದ ಒಳಗಿನ ಏರ್ಪಾಡನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಸಾಮಾನ್ಯ ಡ್ರೈಯರಿನಲ್ಲಿ ಒಂದೇ ಮೋಟಾರು ಎರಡು ಕೆಲಸ ಮಾಡುತ್ತದೆ: ಒಂದು ಕಡೆ ಬೆಲ್ಟ್ ಮೂಲಕ ಡ್ರಮ್ಮನ್ನು ತಿರುಗಿಸುತ್ತದೆ, ಇನ್ನೊಂದು ಕಡೆ ಫ್ಯಾನನ್ನು ತಿರುಗಿಸಿ ಕೋಣೆಯ ಗಾಳಿಯನ್ನು ಒಳಗೆಳೆದು, ಹೀಟರಿನ ಮೇಲೆ ಹಾಯಿಸಿ, ಬಟ್ಟೆಯ ನಡುವೆ ತೂರಿಸಿ, ಫಿಲ್ಟರ್ ದಾಟಿಸಿ ಹೊರಗೆ ಕಳಿಸುತ್ತದೆ. ಬಟ್ಟೆ ಒಣಗುವುದಕ್ಕೆ ಶಾಖದಷ್ಟೇ ಈ ಗಾಳಿಯ ಓಟವೂ ಬೇಕು, ಏಕೆಂದರೆ ಬಟ್ಟೆ ಬಿಟ್ಟ ತೇವವನ್ನು ಹೊತ್ತು ಹೊರಗೆ ಹೋಗುವುದು ಗಾಳಿಯೇ. ಹೀಟರನ್ನೂ ಮೋಟಾರನ್ನೂ ಹದ ಮೀರದಂತೆ ಕಾಯುವುದೂ ಅದೇ ಗಾಳಿ. ಅದು ನಿಧಾನವಾದ ಕೂಡಲೇ ಒಳಗಿನ ಉಷ್ಣತೆ ಏರುತ್ತದೆ, ಆಗ ಅಲ್ಲಲ್ಲಿ ಕಾವಲಿಗೆ ಇಟ್ಟಿರುವ ಥರ್ಮೋಸ್ಟಾಟ್‌ಗಳು ಹೀಟರನ್ನು ನಿಲ್ಲಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಮೋಟಾರಿನೊಳಗಿನ ರಕ್ಷಕ ಸ್ವಿಚ್ಚು ಮೋಟಾರನ್ನೇ ನಿಲ್ಲಿಸುತ್ತದೆ. ಹಾಗಾಗಿ ನಡುವೆ ನಿಂತ ಡ್ರೈಯರ್ ಎಲ್ಲ ಸಲವೂ ಕೆಟ್ಟಿರುವುದಿಲ್ಲ, ಬಹಳ ಸಲ ಅದು ತನ್ನನ್ನೂ ಮನೆಯನ್ನೂ ಕಾಪಾಡಿಕೊಳ್ಳಲೆಂದೇ ನಿಂತಿರುತ್ತದೆ. ಆ ರಕ್ಷಕವನ್ನು ತಪ್ಪಿಸಿ, ತಂತಿ ನೇರ ಜೋಡಿಸಿ ಓಡಿಸಿಕೊಡುತ್ತೇನೆ ಎನ್ನುವವರಿದ್ದಾರೆ. ಯಾವ ಕಾರಣಕ್ಕೂ ಅದಕ್ಕೆ ಒಪ್ಪಬೇಡಿ. ಡ್ರೈಯರಿಗೆ ಬೆಂಕಿ ಹತ್ತುವ ದಾರಿಯೇ ಅದು.

ನಿಂತಿದೆಯೋ, ಮುಗಿಸಿದೆಯೋ

ಮೊದಲು ಬಿಡಿಸಿಕೊಳ್ಳಬೇಕಾದ ಸಂದೇಹ ಇದು. ಸೆನ್ಸರ್ ಇರುವ ಯಂತ್ರಗಳಲ್ಲಿ ಡ್ರಮ್ಮಿನ ಬಾಯಿಯ ಹತ್ತಿರ ಬೆರಳುದ್ದದ ಎರಡು ಲೋಹದ ಪಟ್ಟಿಗಳಿರುತ್ತವೆ. ಒದ್ದೆ ಬಟ್ಟೆ ಎರಡಕ್ಕೂ ಒಮ್ಮೆಗೆ ತಾಗಿದಾಗ ಅವುಗಳ ನಡುವೆ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಬಟ್ಟೆ ಒಣಗುತ್ತ ಬಂದಂತೆ ಅದು ಕಡಿಮೆಯಾಗುತ್ತದೆ, ಒಂದು ಮಟ್ಟಕ್ಕೆ ಇಳಿದಾಗ ಯಂತ್ರ ಕೆಲಸ ಮುಗಿಯಿತೆಂದು ತೀರ್ಮಾನಿಸಿ ನಿಲ್ಲುತ್ತದೆ. ಬಟ್ಟೆ ಮೆತ್ತಗಾಗಲೆಂದು ಬಳಸುವ ಸಾಫ್ಟ್‌ನರ್ ದ್ರವದ ಜಿಡ್ಡು ಆ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂತರೆ ಒದ್ದೆ ಬಟ್ಟೆ ತಾಗಿದರೂ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಯಂತ್ರ ಬಟ್ಟೆ ಒಣಗಿದೆ ಎಂದೇ ತಿಳಿಯುತ್ತದೆ. ಎರಡೇ ಅಂಗಿ ಹಾಕಿದಾಗಲೂ ಹೀಗೆಯೇ ಆಗುತ್ತದೆ, ಅವು ಪಟ್ಟಿಗಳಿಗೆ ತಾಗದೆಯೇ ತಿರುಗುತ್ತಿರುತ್ತವೆ. ಮುಗಿಯಿತೆಂಬ ಶಬ್ದ ಮಾಡಿ, ಪರದೆಯಲ್ಲಿ ಮುಗಿದ ಗುರುತು ತೋರಿಸಿ ನಿಂತಿದ್ದರೆ ನಿಮ್ಮ ಯಂತ್ರದ್ದು ಈ ಕಥೆ. ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಆಮೇಲೆ ನೀರು ಬಟ್ಟೆಯಿಂದ ಒರೆಸಿ, ಸೆನ್ಸರಿನ ಬದಲು ಸಮಯ ನಿಗದಿ ಮಾಡುವ ಪ್ರೋಗ್ರಾಂ ಹಾಕಿ ಒಮ್ಮೆ ನೋಡಿ. ಅದರಲ್ಲಿ ಪೂರ್ತಿ ಓಡಿದರೆ ಯಂತ್ರ ಸರಿಯಾಗಿಯೇ ಇದೆ.

ಶಬ್ದವಿಲ್ಲದೆ, ಉಳಿದ ನಿಮಿಷಗಳನ್ನು ತೋರಿಸುತ್ತಲೇ ಅಥವಾ ಪರದೆಯೇ ಆರಿಹೋಗಿ ನಿಂತಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳು ಬೇಕು.

ಗಡಿಯಾರ ಹೇಳುವುದು

ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದೊಳಗೆ ಗುಂಯ್ ಎಂದು ನರಳಿ ನಿಂತರೆ ಮೋಟಾರು ಸಲೀಸಾಗಿ ತಿರುಗುತ್ತಿಲ್ಲ ಎಂದರ್ಥ. ಹದಿನೈದರಿಂದ ನಲವತ್ತು ನಿಮಿಷದ ನಡುವೆ, ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ನಿಂತು, ಅರ್ಧ ಗಂಟೆಯಿಂದ ಒಂದು ಗಂಟೆ ತಣಿದ ಮೇಲೆ ಏನೂ ಆಗದಂತೆ ಮತ್ತೆ ಶುರುವಾದರೆ ಅದು ಬಿಸಿ ಏರಿ ನಿಂತದ್ದು. ಒಂದು ದಿನ ಐದನೆಯ ನಿಮಿಷಕ್ಕೆ, ಮರುದಿನ ಐವತ್ತನೆಯ ನಿಮಿಷಕ್ಕೆ, ಮೂರನೆಯ ದಿನ ನಿಲ್ಲದೆಯೇ ಓಡಿದರೆ ಕರೆಂಟನ್ನೋ ಬಾಗಿಲನ್ನೋ ಅನುಮಾನಿಸಬೇಕು. ನಿಂತ ತಕ್ಷಣ ಗುಂಡಿ ಒತ್ತಿದರೆ ಕೂಡಲೇ ನಡೆಯುವುದೂ ಇವೆರಡರದೇ ಲಕ್ಷಣ, ಏಕೆಂದರೆ ಬಿಸಿಯಾಗಿ ನಿಂತ ಯಂತ್ರ ಅಷ್ಟು ಬೇಗ ಒಪ್ಪುವುದಿಲ್ಲ. ತಣಿದ ಮೇಲೂ ಮರುದಿನವೂ ಏಳದಿದ್ದರೆ ಒಳಗೆ ಏನೋ ಸುಟ್ಟಿದೆ.

ಇಷ್ಟು ತಿಳಿದ ಮೇಲೆ ಇನ್ನೊಂದು ಸುಲಭದ ಪರೀಕ್ಷೆಯಿದೆ. ಬಹಳಷ್ಟು ಯಂತ್ರಗಳಲ್ಲಿ ಶಾಖವಿಲ್ಲದೆ ಬರೀ ತಣ್ಣನೆಯ ಗಾಳಿಯಲ್ಲಿ ತಿರುಗಿಸುವ ಪ್ರೋಗ್ರಾಂ ಇರುತ್ತದೆ. ಎಂದಿನಷ್ಟೇ ಬಟ್ಟೆ ಹಾಕಿ ಅದರಲ್ಲಿ ಓಡಿಸಿ. ಅಲ್ಲಿ ನಿಲ್ಲದೆ ಓಡಿ, ಶಾಖ ಹಾಕಿದಾಗ ಮಾತ್ರ ನಿಂತರೆ ದೋಷ ಗಾಳಿಯ ದಾರಿಯಲ್ಲಿ ಅಥವಾ ಹೀಟರಿನ ಕಡೆ ಇದೆ. ತಣ್ಣನೆಯ ಗಾಳಿಯಲ್ಲೂ ನಿಂತರೆ ಮೋಟಾರು, ಬಾಗಿಲು ಅಥವಾ ಕರೆಂಟಿನ ಕಡೆ ಇದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಬಿಡಿಭಾಗ ಬದಲಿಸಿದವರನ್ನು ನಾನು ಎಷ್ಟೋ ಕಂಡಿದ್ದೇನೆ.

ಕರೆಂಟಿನ ಕಡೆಯಿಂದ

ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿ ಕ್ಷಣಮಾತ್ರ ಕರೆಂಟು ಹೋಗಿ ಬರುವುದು ಸಾಮಾನ್ಯ. ಇನ್ವರ್ಟರ್ ಇರುವ ಮನೆಯಲ್ಲಿ ದೀಪ, ಫ್ಯಾನು ಎರಡೂ ಕದಲುವುದಿಲ್ಲವಾದ್ದರಿಂದ ಕರೆಂಟು ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಪವರ್ ಪಾಯಿಂಟಿನ ಮೇಲಿರುವ ಡ್ರೈಯರಿಗೆ ಇನ್ವರ್ಟರಿನ ಆಸರೆ ಇಲ್ಲ. ಅದು ನಿಂತುಬಿಡುತ್ತದೆ, ಹಲವು ಮಾದರಿಗಳು ಕರೆಂಟು ಬಂದ ಮೇಲೂ ನಾವು ಗುಂಡಿ ಒತ್ತುವ ತನಕ ತಾವಾಗಿ ಶುರುವಾಗುವುದಿಲ್ಲ. ಯಂತ್ರವೇ ಕೆಟ್ಟಿತೆಂದು ತಿಳಿಯುವ ಮೊದಲು ಇನ್ವರ್ಟರಿಗೆ ಸೇರದ ಸಾಕೆಟ್ಟಿನಲ್ಲಿ ಒಂದು ಸಣ್ಣ ದೀಪವನ್ನೋ ವಿದ್ಯುತ್ ಗಡಿಯಾರವನ್ನೋ ಹಾಕಿ ಗಮನಿಸಿ. ಗಡಿಯಾರ ಸೊನ್ನೆಯಿಂದ ಮಿನುಗುತ್ತಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ವೋಲ್ಟೇಜ್ ಇಳಿಯುವುದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಕಾಣುವುದಿಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಸುಮಾರು 1225 ವ್ಯಾಟ್ ಮಾತ್ರ ಕೊಡುತ್ತದೆ. ಬಟ್ಟೆ ಒಣಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೂ ಹೊತ್ತು ಒದ್ದೆ ಬಟ್ಟೆಯ ಭಾರ ಹೊತ್ತ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ, ಕೊನೆಗೆ ಅದರ ರಕ್ಷಕ ಬೀಳುತ್ತದೆ. ಫಿಲ್ಟರ್ ಸ್ವಚ್ಛವಿದ್ದೂ ಸಂಜೆ ಏಳರಿಂದ ಒಂಬತ್ತರ ನಡುವೆ ಮಾತ್ರ ನಿಲ್ಲುವ ಯಂತ್ರವನ್ನು ಬೆಳಗಿನ ಹತ್ತು ಗಂಟೆಗೆ ಓಡಿಸಿ ನೋಡಿ. ಬೆಳಗ್ಗೆ ಸರಿಯಾಗಿ ಓಡಿದರೆ, ಯಂತ್ರ ನಡೆಯುತ್ತಿರುವಾಗ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಎಷ್ಟಿದೆಯೆಂದು ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ. ಸ್ಟೆಬಿಲೈಜರ್ ಹಾಕುವುದಾದರೆ ಹೀಟರ್ ಮತ್ತು ಮೋಟಾರು ಎರಡರ ಭಾರವನ್ನೂ ಹೊರುವಂಥದ್ದನ್ನೇ ಹಾಕಬೇಕು; ಫ್ರಿಜ್ಜಿನದ್ದು ಸಾಲದು.

ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನಾಗಿ ಆರುವ ಸ್ವಿಚ್ಚು, ಬೀಳುತ್ತಿದ್ದರೆ ಲೆಕ್ಕ ಹಾಕಿ. ಡ್ರೈಯರಿನ 2200 ವ್ಯಾಟ್, ಗೀಸರಿನ 2000 ವ್ಯಾಟ್, ಇಸ್ತ್ರಿಪೆಟ್ಟಿಗೆಯ 1000 ವ್ಯಾಟ್ ಮೂರೂ ಒಂದೇ 16 ಆಂಪಿಯರ್ ಎಂಸಿಬಿಯ ಮೇಲೆ ಬಿದ್ದರೆ ಹೆಚ್ಚು ಕಡಿಮೆ 23 ಆಂಪಿಯರ್ ಹರಿಯುತ್ತದೆ. ಇಷ್ಟಕ್ಕೆ ಎಂಸಿಬಿ ಕೂಡಲೇ ಬೀಳುವುದಿಲ್ಲ, ಒಳಗಿನ ಪಟ್ಟಿ ಕಾದು ಬಾಗಿದ ಮೇಲೆ ಬೀಳುತ್ತದೆ. ಆದ್ದರಿಂದಲೇ ಡ್ರೈಯರ್ ನಡುವೆ ಕೆಟ್ಟುನಿಂತಂತೆ ತೋರುತ್ತದೆ. ಡ್ರೈಯರಿಗೆ ಅದರದೇ ಲೈನ್ ಎಳೆಸುವುದು ಇದಕ್ಕೆ ಸರಿಯಾದ ಪರಿಹಾರ, ದೊಡ್ಡ ಎಂಸಿಬಿ ಹಾಕಿಸುವುದಲ್ಲ, ಏಕೆಂದರೆ ಆಗ ಬಿಸಿಯೇರುವುದು ಗೋಡೆಯೊಳಗಿನ ತಂತಿ. 6 ಆಂಪಿಯರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಡ್ರೈಯರನ್ನು ಹಾಕಲೇಬಾರದು. ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಅದರ ಮೂರೂ ಪಿನ್ನುಗಳನ್ನು ನೋಡಿ: ಒಂದಾದರೂ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಗ್ಗಿನ ಪ್ಲಾಸ್ಟಿಕ್ ಉಬ್ಬಿದ್ದರೆ ಸಾಕೆಟ್ ಸಡಿಲವಾಗಿದೆ, ಪ್ಲಗ್ಗು ಸಾಕೆಟ್ಟು ಎರಡನ್ನೂ ಬದಲಿಸಬೇಕು.

ಬೀಳುತ್ತಿರುವುದು ಎಂಸಿಬಿಯಲ್ಲ, ಟೆಸ್ಟ್ ಎಂಬ ಗುಂಡಿಯಿರುವ ಆರ್‌ಸಿಸಿಬಿ ಎಂದಾದರೆ ವಿಷಯ ಗಂಭೀರ. ಮನೆಗಳಲ್ಲಿ ಸಾಮಾನ್ಯವಾಗಿರುವ ಈ ಸಾಧನ 30 ಮಿಲಿಆಂಪಿಯರಿನಷ್ಟು ವಿದ್ಯುತ್ ಭೂಮಿಗೆ ಸೋರಿದರೂ ಬೀಳುತ್ತದೆ. ಹೀಟರಿನ ಸುರುಳಿ ತುಂಡಾಗಿ ತಗಡಿಗೆ ತಾಗಿರಬಹುದು, ಇಲಿ ತಂತಿ ಕಡಿದಿರಬಹುದು, ಒಳಗೆ ತೇವ ಸೇರಿರಬಹುದು. ಇದನ್ನು ಮತ್ತೆ ಮತ್ತೆ ಎತ್ತಿ ಓಡಿಸಬೇಡಿ. ಪ್ಲಗ್ ಕಿತ್ತು ಟೆಕ್ನಿಷಿಯನ್ನರನ್ನು ಕರೆಯಿರಿ.

ಗಾಳಿಯ ದಾರಿ

ಕರೆಂಟು ಸರಿಯಿದೆ, ನಿಲ್ಲುವ ಹೊತ್ತೂ ಪ್ರತಿ ಸಲ ಒಂದೇ ಎಂದಾದರೆ ನಿಮ್ಮ ಶ್ರಮವನ್ನೆಲ್ಲ ಇಲ್ಲಿ ಹಾಕಿ. ನಡುವೆ ನಿಲ್ಲುವ ಡ್ರೈಯರುಗಳಲ್ಲಿ ಗಾಳಿ ಕಟ್ಟಿ ನಿಂತವುಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಬಟ್ಟೆಯಿಂದ ಉದುರುವ ನವಿರಾದ ನೂಲಿನ ಎಳೆಗಳನ್ನು ಮೆಕ್ಯಾನಿಕ್‌ಗಳು ಲಿಂಟ್ ಎನ್ನುತ್ತಾರೆ. ಫಿಲ್ಟರನ್ನು ಎಳೆದು ತೆಗೆದಾಗ ಬೂದು ಬಣ್ಣದ ಕಂಬಳಿಯ ಚೂರಿನಂತೆ ಅದು ಅಂಟಿಕೊಂಡಿರುತ್ತದೆ. ಒಂದು ಮೂಲೆಯಿಂದ ಬೆರಳಲ್ಲಿ ಉರುಳಿಸುತ್ತ ಬಂದರೆ ಇಡಿಯಾಗಿ ಕಿತ್ತುಬರುತ್ತದೆ. ಪ್ರತಿ ಸಲ ಬಟ್ಟೆ ಹಾಕುವ ಮೊದಲು ಇದನ್ನು ತೆಗೆಯಬೇಕೆಂಬುದು ಬಹುಪಾಲು ಎಲ್ಲರಿಗೂ ಗೊತ್ತು. ಆದರೆ ಲಿಂಟ್ ತೆಗೆದ ಮೇಲೂ ಜಾಲರಿ ಕಟ್ಟಿರಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವಚ್ಛವಾಗಿ ಕಾಣುವ ಜಾಲರಿಯನ್ನು ನಲ್ಲಿಯ ಕೆಳಗೆ ಅಡ್ಡಲಾಗಿ ಹಿಡಿದು ಒಂದು ಲೋಟದಷ್ಟು ನೀರು ಬಿಡಿ. ನೀರು ಸರಾಗವಾಗಿ ಇಳಿದುಹೋದರೆ ಜಾಲರಿ ಸರಿಯಿದೆ; ತಟ್ಟೆಯಲ್ಲಿ ನಿಂತಂತೆ ನಿಂತು, ಅಂಚಿನಿಂದ ಚೆಲ್ಲತೊಡಗಿದರೆ ಸಾಫ್ಟ್‌ನರಿನ ಜಿಡ್ಡು ಕಣ್ಣುಗಳನ್ನು ಮುಚ್ಚಿದೆ. ನೀರು ಇಳಿಯದ ಕಡೆ ಗಾಳಿಯೂ ಸರಾಗವಾಗಿ ಹೋಗುವುದಿಲ್ಲ. ಬಿಸಿನೀರಿನಲ್ಲಿ ಪಾತ್ರೆ ತೊಳೆಯುವ ದ್ರವ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಪೂರ್ತಿ ಆರಿದ ಮೇಲೆ ಹಾಕಿ. ಫಿಲ್ಟರ್ ಕೂರುವ ಗೂಡಿನೊಳಗೂ ಲಿಂಟ್ ಬಿದ್ದಿರುತ್ತದೆ, ಅಲ್ಲಿಗೆ ವ್ಯಾಕ್ಯೂಮ್ ಕ್ಲೀನರಿನ ಸಪೂರ ಮೂತಿ ಬೇಕು.

ಆಮೇಲೆ ಹಿಂದಿನ ಕೊಳವೆ. ಪ್ಲಗ್ ಕಿತ್ತು, ಯಂತ್ರವನ್ನು ಇಬ್ಬರು ಹಿಡಿದು ಒಂದು ಮೊಳ ಮುಂದಕ್ಕೆ ಎಳೆದು ನೋಡಿ. ಜಾಗ ಉಳಿಸಲೆಂದು ಗೋಡೆಗೆ ಒತ್ತಿ ಇಟ್ಟ ಯಂತ್ರದ ಹಿಂದೆ ಸುಮಾರು 10 ಸೆಂಟಿಮೀಟರ್ ಅಗಲದ ಕೊಳವೆ ಚಪ್ಪಟೆಯಾಗಿ ಎರಡು ಬೆರಳಿನಷ್ಟು ಸಂದಿ ಮಾತ್ರ ಉಳಿದಿರುವುದು ಅಪರೂಪವಲ್ಲ. ಕೊಳವೆ ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಗಾಳಿ ನಿಧಾನವಾಗುತ್ತದೆ. ಜೋತುಬಿದ್ದ ಕಡೆ ನೀರು ನಿಂತು, ಅದಕ್ಕೆ ಲಿಂಟ್ ಸೇರಿ ಕೆಸರಾಗುತ್ತದೆ. ಹೆಚ್ಚಿನ ಉದ್ದವನ್ನು ಕತ್ತರಿಸಿ ತೆಗೆದು, ನೇರವಾಗಿ ಎಳೆದು ಕಟ್ಟಿ. ತೆಳು ಪ್ಲಾಸ್ಟಿಕ್ ಕೊಳವೆಗಿಂತ ಲೋಹದ್ದು ಮೇಲು: ಒಳಗೆ ಲಿಂಟ್ ಕಡಿಮೆ ಹಿಡಿಯುತ್ತದೆ, ಬಿಸಿಗೂ ತಾಳುತ್ತದೆ.

ನಮ್ಮ ಮನೆಯ ಯಂತ್ರ ಒಂದು ಜುಲೈಯಲ್ಲಿ 25ನೆಯ ನಿಮಿಷಕ್ಕೆ ನಿಲ್ಲತೊಡಗಿತು. ಫಿಲ್ಟರ್ ತೊಳೆದೆ, ಕೊಳವೆ ನೇರ ಮಾಡಿದೆ, ಬಂದ ಟೆಕ್ನಿಷಿಯನ್ ಮೋಟಾರ್ ಬದಲಿಸಬೇಕೆಂದು ಹೇಳಿಹೋದರು. ಮರುದಿನ ಯಂತ್ರ ಓಡುತ್ತಿರುವಾಗ ಕೊಡೆ ಹಿಡಿದು ಮನೆಯ ಹಿಂಬದಿಗೆ ಹೋಗಿ, ಕೊಳವೆಯ ಬಾಯಿಗೆ ಅಂಗೈ ಹಿಡಿದೆ. ಉಸಿರು ಬಿಟ್ಟಷ್ಟು ಗಾಳಿಯೂ ಬರುತ್ತಿರಲಿಲ್ಲ. ಹಲ್ಲಿ, ಸೊಳ್ಳೆ ಒಳಗೆ ಬರದಿರಲೆಂದು ಆ ಬಾಯಿಗೆ ನಾವೇ ಸೊಳ್ಳೆಪರದೆಯ ಬಟ್ಟೆ ಬಿಗಿದಿದ್ದೆವು. ಒಳಮೈಯಿಂದ ಲಿಂಟ್ ಅದಕ್ಕೆ ಹತ್ತಿಕೊಂಡು, ಮಳೆಯ ತೇವಕ್ಕೆ ನೆನೆದು, ಬೆರಳು ಗಾತ್ರದ ದಪ್ಪ ಬೆಣೆಯಾಗಿತ್ತು. ಅದನ್ನು ಕತ್ತರಿಸಿ ತೆಗೆದ ದಿನದಿಂದ ಅದೇ ಮೋಟಾರಿನಲ್ಲೇ ಯಂತ್ರ ಇವತ್ತಿಗೂ ಓಡುತ್ತಿದೆ. ಹೊರಬಾಯಿಗೆ ಜಾಲರಿ ಕಟ್ಟಬಾರದು. ಗಾಳಿ ಬಂದಾಗ ತಾನಾಗಿ ಎದ್ದು, ನಿಂತಾಗ ಮುಚ್ಚಿಕೊಳ್ಳುವ ರೆಕ್ಕೆಯಿರುವ ಮುಚ್ಚಳ ಹಾಕಬೇಕು. ಆ ರೆಕ್ಕೆಗಳ ಸಂದಿಯಲ್ಲಿ ಹುಳುಗಳು ಮಣ್ಣಿನ ಗೂಡು ಕಟ್ಟುವುದುಂಟು, ಆದ್ದರಿಂದ ಮಳೆಗಾಲಕ್ಕೆ ಮೊದಲು ಒಮ್ಮೆ ಬೆರಳಿನಿಂದ ಎತ್ತಿ ನೋಡಿ.

ಕೊಳವೆಯ ಮೇಲೆ ಅನುಮಾನ ಉಳಿದಿದ್ದರೆ ಅದನ್ನು ಯಂತ್ರದಿಂದ ಕಳಚಿ, ಕೋಣೆಯ ಕಿಟಕಿ ಬಾಗಿಲು ತೆರೆದಿಟ್ಟು ಒಂದು ಸಲ ಓಡಿಸಿ. ಕೋಣೆಯೆಲ್ಲ ಹಬೆ ಮತ್ತು ಧೂಳಾಗುತ್ತದೆ, ಒಂದು ಸಲಕ್ಕೆ ಸಹಿಸಿಕೊಳ್ಳಿ. ಹಾಗೆ ಓಡಿಸಿದಾಗ ನಿಲ್ಲದಿದ್ದರೆ ತಪ್ಪು ಕೊಳವೆಯದೇ. ಗ್ಯಾಸಿನಿಂದ ಬಿಸಿಯಾಗುವ ಡ್ರೈಯರನ್ನು ಮಾತ್ರ ಹೀಗೆ ಪರೀಕ್ಷಿಸುವಂತಿಲ್ಲ: ಗ್ಯಾಸ್ ಉರಿದ ಹೊಗೆಯೂ ಅದೇ ಕೊಳವೆಯಲ್ಲಿ ಬರುವುದರಿಂದ, ಅದು ಮನೆಯೊಳಗೆ ತುಂಬಿದರೆ ಜೀವಕ್ಕೆ ಅಪಾಯ.

ಗಾಳಿ ಹೊರಹೋಗುವಂತೆಯೇ ಒಳಬರುವುದಕ್ಕೂ ದಾರಿ ಬೇಕು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಯುಟಿಲಿಟಿಯ ಮೂಲೆಯಲ್ಲಿ ಕಪಾಟಿನಂಥ ಗೂಡು ಮಾಡಿಸಿ, ಯಂತ್ರ ಓಡುವಾಗಲೂ ಬಾಗಿಲು ಹಾಕಿಡುವವರಿದ್ದಾರೆ. ಆಗ ಯಂತ್ರ ತನ್ನದೇ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡು ಬೇಗ ಕಾಯುತ್ತದೆ. ಪ್ಲಾಸ್ಟಿಕ್ ಹೊದಿಕೆ ತೊಡಿಸಿ ಓಡಿಸುವುದೂ ಅಷ್ಟೇ ತಪ್ಪು.

ಬಾಗಿಲು ಮತ್ತು ಬಟ್ಟೆಯ ಭಾರ

ಬಾಗಿಲು ಪೂರ್ತಿ ಮುಚ್ಚಿದೆ ಎಂದು ತಿಳಿಸುವ ಸಣ್ಣ ಸ್ವಿಚ್ಚು ಸವೆದಿದ್ದರೆ ಅಥವಾ ಕೊಂಡಿ ಸಡಿಲವಾಗಿದ್ದರೆ, ಒದ್ದೆ ಬೆಡ್‌ಶೀಟಿನ ಮುದ್ದೆ ಒಳಗಿನಿಂದ ಬಾಗಿಲಿಗೆ ಬಡಿದಾಗ ಸಂಪರ್ಕ ತಪ್ಪಿ ಯಂತ್ರ ನಿಲ್ಲುತ್ತದೆ. ಬಾಗಿಲು ತೆರೆದು ಕೊಂಡಿ ಕೂರುವ ರಂಧ್ರವನ್ನು ನೋಡಿ, ಅಲ್ಲಿ ಲಿಂಟ್ ತುಂಬಿದ್ದರೆ ಕಡ್ಡಿಯಿಂದ ತೆಗೆಯಿರಿ. ಬಾಗಿಲು ಮುಚ್ಚುವಾಗ ಟಕ್ ಎಂಬ ಸ್ಪಷ್ಟ ಶಬ್ದ ಬರಬೇಕು. ಯಂತ್ರ ಓಡುತ್ತಿರುವಾಗ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ಹಿಂದೆ ಮುಂದೆ ಅಲುಗಿಸಿದಾಗ ನಿಂತುಬಿಟ್ಟರೆ ಕೊಂಡಿಯನ್ನೋ ಸ್ವಿಚ್ಚನ್ನೋ ಬದಲಿಸಬೇಕು, ಎರಡೂ ದುಬಾರಿಯಲ್ಲ.

ಬಟ್ಟೆಯ ಭಾರದ ವಿಚಾರದಲ್ಲಿ ನಮ್ಮವರು ಮಾಡುವ ತಪ್ಪು ಹೆಚ್ಚಾಗಿ ಒಂದೇ: ವಾಷಿಂಗ್ ಮಷಿನ್ ಹಿಡಿದಷ್ಟನ್ನೂ ಡ್ರೈಯರಿಗೆ ತುಂಬುವುದು. ಒಣಗುವ ಬಟ್ಟೆಗೆ ಬಿಡಿಬಿಡಿಯಾಗಿ ಎದ್ದು ಬೀಳಲು ಜಾಗ ಬೇಕು, ಡ್ರಮ್ಮಿನ ಮೂರನೆಯ ಒಂದು ಭಾಗವಾದರೂ ಖಾಲಿ ಇರಲಿ. ನೀರು ತೊಟ್ಟಿಕ್ಕುವ ಬಟ್ಟೆಯನ್ನು ಹಾಕದೆ, ವಾಷಿಂಗ್ ಮಷಿನ್ನಿನಲ್ಲಿ ಇನ್ನೊಂದು ಸಲ ಜೋರಾಗಿ ಸ್ಪಿನ್ ಮಾಡಿ ಹಾಕಿ. ಸೀರೆ, ಪಂಚೆ, ಡಬಲ್ ಬೆಡ್‌ಶೀಟುಗಳು ತಿರುಗುತ್ತ ಉಳಿದ ಬಟ್ಟೆಗಳನ್ನೆಲ್ಲ ಸುತ್ತಿಕೊಂಡು ಒಂದೇ ಉಂಡೆಯಾಗುತ್ತವೆ. ಆ ಉಂಡೆ ಡ್ರಮ್ಮಿನ ಒಂದೇ ಬದಿಗೆ ಬೀಳುತ್ತ ಮೋಟಾರನ್ನು ದಣಿಸುತ್ತದೆ, ಹೊರಮೈ ಕಾದು ಒಳಗೆ ನೀರು ಹಾಗೇ ಉಳಿದಿರುತ್ತದೆ. ಉದ್ದದ ಬಟ್ಟೆಗಳನ್ನು ಬೇರೆಯಾಗಿಯೇ, ಒಂದೋ ಎರಡೋ ಹಾಕಿ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಬಿಡಿಸಿ.

ಒಳಗಿನ ಭಾಗಗಳು

ಹಿಂದಿನ ತಗಡು ಬಿಚ್ಚುವ ಅಭ್ಯಾಸ ಇದ್ದವರಿಗೆ ಮಾತ್ರ ಈ ಭಾಗ. ವಾರಂಟಿ ಇದ್ದರೆ ಬಿಚ್ಚಲೇಬೇಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಕಿತ್ತು ಕಣ್ಣೆದುರು ಇಟ್ಟುಕೊಂಡು, ಯಂತ್ರ ತಣಿಯುವ ತನಕ ಕಾದು ಕೈಹಾಕಬೇಕು.

ಥರ್ಮಲ್ ಫ್ಯೂಸ್ ಎಂಬ ಸಣ್ಣ ಭಾಗ ಗಾಳಿ ಹೊರಹೋಗುವ ದಾರಿಯಲ್ಲೋ ಹೀಟರಿನ ಗೂಡಿನ ಮೇಲೋ ಇರುತ್ತದೆ. ಉಷ್ಣತೆ ಮಿತಿ ಮೀರಿದರೆ ಇದು ಒಮ್ಮೆ ಹೋಗುತ್ತದೆ, ತಾನಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ. ಅದರ ಒಂದು ತಂತಿ ಕಳಚಿ ಮಲ್ಟಿಮೀಟರಿನಲ್ಲಿ ನೋಡಿದರೆ ಸರಿಯಿರುವ ಫ್ಯೂಸ್ ಸೊನ್ನೆಯ ಹತ್ತಿರದ ಓಮ್ ತೋರಿಸುತ್ತದೆ. ಹೋಗಿದ್ದರೆ ಅದೇ ಮಾದರಿಯದನ್ನೇ ಹಾಕಬೇಕು, ಅಷ್ಟಕ್ಕೇ ಬಿಡದೆ ಗಾಳಿಯ ದಾರಿಯನ್ನು ಮೇಲೆ ಹೇಳಿದಂತೆ ಪೂರ್ತಿ ಪರೀಕ್ಷಿಸಬೇಕು. ಕಾರಣ ತೆಗೆಯದೆ ಹಾಕಿದ ಹೊಸ ಫ್ಯೂಸ್ ಹೆಚ್ಚು ದಿನ ಬಾಳುವುದಿಲ್ಲ. ಹೀಟರನ್ನೂ ಅಳೆದು ನೋಡಬಹುದು: 230 ವೋಲ್ಟಿನ 2000 ವ್ಯಾಟ್ ಹೀಟರ್ ಸುಮಾರು 26 ಓಮ್, 2500 ವ್ಯಾಟಿನದು ಸುಮಾರು 21 ಓಮ್ ತೋರಿಸಬೇಕು, ಹೀಟರಿನ ತಂತಿಗೂ ಹೊರಗಿನ ತಗಡಿಗೂ ನಡುವೆ ಮೀಟರು ಏನನ್ನೂ ತೋರಿಸಬಾರದು.

ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಹಗುರವಾದ ಎಳೆತವಿದ್ದು ತಿರುಗಿದರೆ ಸರಿ. ಏನೂ ತಡೆಯಿಲ್ಲದೆ ಗಿರಗಿರನೆ ತಿರುಗಿದರೆ ಬೆಲ್ಟ್ ಹರಿದಿದೆ. ಕಿರುಗುಟ್ಟುತ್ತ ಬಿಗಿಯಾಗಿದ್ದರೆ ಡ್ರಮ್ಮಿನ ಬೇರಿಂಗೋ ರಾಟೆಯೋ ಹಿಡಿದುಕೊಂಡು ಮೋಟಾರಿನ ಮೇಲೆ ಭಾರ ಬೀಳುತ್ತಿದೆ. ಮೋಟಾರಿನ ಸುತ್ತ ಕೂತ ಲಿಂಟನ್ನು ಒಣ ಬ್ರಷ್ಷು ಮತ್ತು ವ್ಯಾಕ್ಯೂಮಿನಿಂದ ತೆಗೆಯುವುದು ನಾವೇ ಮಾಡಬಹುದಾದ ಕೆಲಸ. ಮೋಟಾರಿನ ಪಕ್ಕದ ಡಬ್ಬಿಯಂಥ ಕೆಪಾಸಿಟರನ್ನು ಮಾತ್ರ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಗುಂಯ್ ಎಂದು ನರಳಿ ಡ್ರಮ್ ತಿರುಗದ ದೋಷಕ್ಕೆ ಹಲವು ಸಲ ಕಾರಣ ಇದೇ ಆಗಿದ್ದರೂ ಅದನ್ನು ಬದಲಿಸುವುದು ಟೆಕ್ನಿಷಿಯನ್ನರ ಕೆಲಸ.

ಕಂಡೆನ್ಸರ್ ಮತ್ತು ಹೀಟ್ ಪಂಪ್ ಯಂತ್ರಗಳಲ್ಲಿ ಮೊದಲು ನೀರಿನ ತೊಟ್ಟಿ ನೋಡಿ. ತುಂಬಿದರೆ ಯಂತ್ರ ನಿಲ್ಲುತ್ತದೆ. ತೊಟ್ಟಿ ಖಾಲಿಯಿದ್ದೂ ತುಂಬಿದೆಯೆಂದು ತೋರಿಸಿದರೆ ಕೆಳಗಿನ ಪಂಪಿಗೋ ತೇಲುವ ಸ್ವಿಚ್ಚಿಗೋ ಲಿಂಟ್ ಸಿಕ್ಕಿಕೊಂಡಿದೆ. ಕೆಳಬದಿಯ ಕಂಡೆನ್ಸರನ್ನು ಕೈಪಿಡಿಯಲ್ಲಿ ಹೇಳಿದಂತೆ ತೊಳೆಯಬೇಕು. ಹೀಟ್ ಪಂಪ್ ಯಂತ್ರವನ್ನು ಮಲಗಿಸಿ ಸಾಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಕೈಪಿಡಿ ಹೇಳಿದಷ್ಟು ಗಂಟೆ ಬಿಟ್ಟ ಮೇಲೆಯೇ ಓಡಿಸಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿನ ವಿದ್ಯುತ್ ಡ್ರೈಯರುಗಳಲ್ಲಿ ಸಾಮಾನ್ಯವಾಗಿ ಹೀಟರ್ 240 ವೋಲ್ಟಿನಲ್ಲೂ ಮೋಟಾರು 120 ವೋಲ್ಟಿನಲ್ಲೂ ನಡೆಯುತ್ತವೆ. ಜೋಡಿ ಬ್ರೇಕರಿನ ಒಂದು ಭಾಗ ಮಾತ್ರ ಕೈಕೊಟ್ಟರೆ ಡ್ರಮ್ ತಿರುಗುತ್ತಲೇ ಇದ್ದು ಶಾಖ ಮಾತ್ರ ಇಲ್ಲದಿರಬಹುದು, ಆಗ ಯಂತ್ರ ಬಿಚ್ಚುವ ಮೊದಲು ಬ್ರೇಕರನ್ನು ಪೂರ್ತಿ ಆರಿಸಿ ಮತ್ತೆ ಹಾಕಿ ನೋಡಿ. ಊರಿಗೆ ಮರಳುವಾಗ ಆ ಯಂತ್ರವನ್ನು ತರುವ ಯೋಚನೆ ಬೇಡ, ನಮ್ಮ ಲೈನಿಗೆ ಅದು ಹೊಂದುವುದಿಲ್ಲ.

ನಿಂತ ಯಂತ್ರದೊಳಗಿನ ಬಟ್ಟೆ

ಯಂತ್ರ ನಿಂತಾಗ ಒಳಗಿನ ಬಿಸಿ ಬಟ್ಟೆಯನ್ನು ಹಾಗೇ ಬಿಟ್ಟು ಮಲಗಬೇಡಿ. ಪ್ರೋಗ್ರಾಮಿನ ಕೊನೆಯಲ್ಲಿ ಶಾಖವಿಲ್ಲದೆ ತಿರುಗಿಸಿ ಬಟ್ಟೆಯನ್ನು ತಣಿಸುವ ಹಂತ ಇರುವುದೇ, ಬಿಸಿ ಬಟ್ಟೆ ರಾಶಿಯಾಗಿ ಉಳಿಯಬಾರದೆಂದು. ನಡುವೆ ನಿಂತಾಗ ಆ ಹಂತ ತಪ್ಪಿಹೋಗಿರುತ್ತದೆ. ಬಟ್ಟೆಗಳನ್ನು ಹೊರತೆಗೆದು ಬಿಡಿಬಿಡಿಯಾಗಿ ಹರವಿ. ಎಣ್ಣೆ ಹತ್ತಿದ ಅಡುಗೆಮನೆಯ ಬಟ್ಟೆ, ಎಣ್ಣೆಸ್ನಾನದ ಟವೆಲು ಒಗೆದಿದ್ದರೂ ಡ್ರೈಯರಿಗೆ ಹಾಕಬಾರದು: ನೂಲಿನಲ್ಲಿ ಉಳಿದ ಎಣ್ಣೆ ಬಿಸಿಯಲ್ಲಿ ಗಾಳಿಯೊಡನೆ ಬೆರೆತು ತಾನೇ ಶಾಖ ಹುಟ್ಟಿಸುತ್ತದೆ, ಮಡಚಿ ಪೇರಿಸಿಟ್ಟ ರಾಶಿಯೊಳಗೆ ಆ ಶಾಖ ಹೊರಹೋಗದೆ ಬೆಂಕಿಗೂ ತಿರುಗಬಹುದು. ಸುಟ್ಟ ವಾಸನೆ ಬಂದರೆ ಮೇನ್ ಆರಿಸಿ. ಹೊಗೆ ಕಂಡರೆ ಬಾಗಿಲು ತೆರೆದು ನೋಡಲು ಹೋಗಬೇಡಿ, ಒಳಗೆ ಗಾಳಿ ನುಗ್ಗಿದರೆ ಬೆಂಕಿ ಏಳುತ್ತದೆ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 101 ಅಥವಾ 112ಕ್ಕೆ ಕರೆ ಮಾಡಿ.

ಟೆಕ್ನಿಷಿಯನ್ನರನ್ನು ಕರೆಯುವುದಾದರೆ ನಿಂತಿತು ಎಂದಷ್ಟೇ ಹೇಳದೆ, ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿ: ಎಷ್ಟನೆಯ ನಿಮಿಷಕ್ಕೆ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ನಡೆಯಿತು, ತಣ್ಣನೆಯ ಗಾಳಿಯಲ್ಲಿ ಓಡಿತೋ ಇಲ್ಲವೋ, ಎಂಸಿಬಿ ಬಿತ್ತೋ ಆರ್‌ಸಿಸಿಬಿ ಬಿತ್ತೋ, ಪರದೆಯಲ್ಲಿ ಯಾವ ಅಕ್ಷರ ಅಥವಾ ಅಂಕಿ ಕಂಡಿತು. ಸರಿ ಮಾಡಿದ ಮೇಲೆ ಅವರು ಹೊರಡುವ ಮೊದಲೇ ನಾಲ್ಕು ಒದ್ದೆ ಟವೆಲು ಹಾಕಿ ಓಡಿಸಿ, ಹಿಂದೆ ನಿಲ್ಲುತ್ತಿದ್ದ ನಿಮಿಷ ದಾಟುವ ತನಕ ಅವರನ್ನು ಕೂರಿಸಿಕೊಳ್ಳಿ. ಅಷ್ಟರಲ್ಲಿ ನೀವು ಹೊರಗೆ ಹೋಗಿ ಕೊಳವೆಯ ಬಾಯಿಗೆ ಅಂಗೈ ಹಿಡಿದು, ಬಿಸಿಯಾದ, ತೇವದ ಗಾಳಿ ರಭಸದಿಂದ ಬರುತ್ತಿದೆಯೇ ಎಂದು ನೋಡಿ ಬನ್ನಿ.